ಕೆರಿಯಮ್ಮ, ನಡಿಗೆ ಒಂದು

ಮಾಸ್ತಪ್ಪ ಯಾರನ್ನು ಕಂಡರೂ ಮೊದಲು ನೋಡುವುದು ಕಾಲನ್ನು, ಮುಖ ಆಮೇಲೆ. ಒಮ್ಮೆ ಸಾಗರದಿಂದ ಬ್ಯಾಂಕಿನ ಮ್ಯಾನೇಜರು ನಮ್ಮ ಹಾಲಿನ ಸಂಘಕ್ಕೆ ಬಂದಿದ್ದರು. ಹಾರ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಾಸ್ತಪ್ಪ ಹಾರ ಹಾಕುವ ಮೊದಲೇ, "ಬಲಗಾಲಿನ ಹಿಮ್ಮಡಿ ನೋವಾ ಸಾರ್?" ಎಂದು ಕೇಳಿ ನನ್ನ ಮಾನ ಕಳೆದ. ಮ್ಯಾನೇಜರು ಆರು ತಿಂಗಳಿಂದ ನೋವು ಎಂದರು, ಅದು ಬೇರೆ ಮಾತು.

ನಾನು ಜ್ಯೋತಿಲಕ್ಷ್ಮಿ, ಇಕ್ಕೇರಿ ರಸ್ತೆಗೆ ಅಂಟಿಕೊಂಡಿರುವ ಈ ಊರಿನ ಹಾಲು ಸಂಘದ ಕಾರ್ಯದರ್ಶಿ. ಹದಿನಾರು ವರ್ಷದಿಂದ ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ಇದೇ ಕಿಟಕಿಯ ಹಿಂದೆ ಕೂತು ಜನರ ಕ್ಯಾನು ನೋಡಿದ್ದೇನೆ. ನನ್ನ ಬಾಯಿ ಜೋರು ಎಂದು ಊರಲ್ಲಿ ಹೆಸರಿದೆ. ನೀರು ಬೆರೆಸಿ ತಂದವರನ್ನು ಇನ್ನು ಹೇಗೆ ಮಾತಾಡಿಸಬೇಕಿತ್ತೋ ನನಗೆ ಗೊತ್ತಿಲ್ಲ. ಮಾಸ್ತಪ್ಪ ನನಗಿಂತ ಹನ್ನೆರಡು ವರ್ಷ ದೊಡ್ಡವನು, ನಮ್ಮದೇ ಕೇರಿಯವನು, ಎದುರಿಗೆ ಮಾಸ್ತಪ್ಪಣ್ಣ ಎನ್ನುತ್ತೇನೆ. ಅವನ ಹೆಂಡತಿ ಕೆರಿಯಮ್ಮ. ಮೂರು ತಾಲ್ಲೂಕಿನ ದನಗಳ ಕಾಲು ಕಾದ ಈ ಮನುಷ್ಯನ ಮನೆಯಲ್ಲೇ ಒಂದು ಕಾಲು ಕೆಟ್ಟಿತು. ಅದು ಅವನ ಕಣ್ಣಿಗೆ ಬೀಳಲಿಲ್ಲ, ನನ್ನ ಕಣ್ಣಿಗೂ ಬೀಳಲಿಲ್ಲ. ಅದನ್ನು ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ಮಾಸ್ತಪ್ಪನ ಅಪ್ಪ ಎತ್ತುಗಳಿಗೆ ಲಾಳ ಹೊಡೆಯುತ್ತಿದ್ದ. ಗೇಣಿಯ ಗದ್ದೆ ಸ್ವಂತದ್ದಾದ ಮೇಲೂ ಆ ಕಸುಬು ಬಿಡಲಿಲ್ಲ, ಮಗನಿಗೂ ಕಲಿಸಿದ. ಎತ್ತನ್ನು ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಕಟ್ಟಿ, ಬಾಯಲ್ಲಿ ಮೊಳೆ ಕಚ್ಚಿಕೊಂಡು ಮಾಸ್ತಪ್ಪ ಕೂತರೆ ಅರ್ಧ ಗಂಟೆಯಲ್ಲಿ ಎಂಟು ಲಾಳ ಮುಗಿಯುತ್ತಿತ್ತು. ಆಮೇಲೆ ಗದ್ದೆಗೆ ಟಿಲ್ಲರ್ ಬಂತು, ಗಾಡಿ ಹೋಯಿತು, ಎತ್ತೂ ಹೋಯಿತು. ಎತ್ತಿನ ಜಾಗಕ್ಕೆ ಕೊಟ್ಟಿಗೆಯಲ್ಲಿ ದೊಡ್ಡ ಮೈಯ ಮಿಶ್ರತಳಿ ಹಸುಗಳು ಬಂದು ನಿಂತವು. ಅವಕ್ಕೆ ಲಾಳ ಬೇಡ. ಮಾಸ್ತಪ್ಪನ ಸುತ್ತಿಗೆ ಹತ್ತು ವರ್ಷ ಅಟ್ಟದ ಮೇಲೆ ತುಕ್ಕು ಹಿಡಿಯಿತು.

ಅದನ್ನು ಕೆಳಗಿಳಿಸಿದವರು ಪಶು ಡಾಕ್ಟರ್ ಸುಷ್ಮಾ. ನಮ್ಮ ಕಡೆಯ ಕೊಟ್ಟಿಗೆಯಲ್ಲಿ ನೆಲ ಒಣಗುವುದು ವರ್ಷಕ್ಕೆ ಆರು ತಿಂಗಳು ಮಾತ್ರ, ಉಳಿದ ಆರು ತಿಂಗಳು ಹಸು ಸೊಪ್ಪು ಸಗಣಿ ಗಂಜಲದ ಮೇಲೇ ನಿಲ್ಲಬೇಕು. ಗೊರಸು ಮೆತ್ತಗಾಗಿ, ಬೆಳೆದು, ಒಡೆದು, ಕೊಳೆಯುತ್ತದೆ. ಹಾಲು ಇಳಿಯುತ್ತದೆ, ಕಡೆಗೆ ಹಸುವೇ ಹೋಗುತ್ತದೆ. ಸುಷ್ಮಾ ಮೇಡಂ ಮಾಸ್ತಪ್ಪನನ್ನು ಕೂರಿಸಿಕೊಂಡು ಗೊರಸು ಕೆತ್ತುವುದನ್ನು ಕಲಿಸಿದರು, ಅದಕ್ಕಿಂತ ಹೆಚ್ಚಾಗಿ ನಡಿಗೆ ನೋಡುವುದನ್ನು ಕಲಿಸಿದರು. ತಿಂಗಳಿಗೊಮ್ಮೆ ಪ್ರತಿ ಹಸುವನ್ನೂ ಒಣ ನೆಲದ ಮೇಲೆ ನಡೆಸಿ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ನಿಂತಾಗಲೂ ನಡೆಯುವಾಗಲೂ ಬೆನ್ನು ನೇರವಿದ್ದರೆ ಒಂದು. ನಡೆಯುವಾಗ ಮಾತ್ರ ಬೆನ್ನು ಬಾಗಿದರೆ ಎರಡು. ನಿಂತಾಗಲೂ ಬಾಗಿದರೆ ಮೂರು. ನಾಲ್ಕಕ್ಕೆ ಕುಂಟುವುದು ಊರಿಗೆಲ್ಲ ಕಾಣುತ್ತದೆ. ಐದಕ್ಕೆ ಹಸು ಆ ಕಾಲನ್ನು ನೆಲಕ್ಕೆ ಊರುವುದೇ ಇಲ್ಲ, ಎತ್ತಿ ಹಿಡಿದಿರುತ್ತದೆ.

ಮಾಸ್ತಪ್ಪ ಓದಿದ್ದು ಮೂರನೇ ಕ್ಲಾಸು. ಹಾಗಾಗಿ ಅವನು ನೋಡಿ ಹೇಳುವುದು, ನಾನು ಬರೆಯುವುದು. ಟ್ಯಾಗ್ ನಂಬರು, ಹಸುವಿನ ಹೆಸರು, ನಡಿಗೆ, ಹೀಗೆ ಕಾಲಂ ಎಳೆದ ಉದ್ದದ ರಿಜಿಸ್ಟರು ಇಂದಿಗೂ ಸಂಘದ ಅಲಮಾರಿನಲ್ಲಿದೆ. ನಾಲ್ಕು ವರ್ಷದಲ್ಲಿ ಅವನ ಹೆಸರು ಹೊಸನಗರ, ತೀರ್ಥಹಳ್ಳಿ ಕಡೆಗೂ ಹರಡಿತು. ಬೆಳಿಗ್ಗೆಯ ಬಸ್ಸಿಗೆ ಗೊರಸು ಕತ್ತಿ, ಅರ, ಹಗ್ಗ ಚೀಲಕ್ಕೆ ತುಂಬಿಕೊಂಡು ಹುಂಚಕ್ಕೆ ಹೋದರೆ ಮೂರು ನಾಲ್ಕು ದಿನ ಅಲ್ಲೇ. ಮರೆಯಾಗಿದ್ದ ಮನುಷ್ಯ ಮತ್ತೆ ಊರಿಗೆ ಬೇಕಾದವನಾದ. ಅವನ ಎದೆ ಸ್ವಲ್ಪ ಉಬ್ಬಿತು ಎಂದರೆ ತಪ್ಪಿಲ್ಲ.

ಹೋದ ಜುಲೈ ತಿಂಗಳ ನಡಿಗೆಯ ದಿನ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಸಂಘದ ಮುಂದೆ ತಗಡು ಹೊದಿಸಿದ ಸಿಮೆಂಟ್ ಅಂಗಳವಿದೆ, ಮಳೆಗಾಲದಲ್ಲಿ ಹಸು ನಡೆಸಲು ಊರಿಗೆಲ್ಲ ಒಣಗಿರುವುದು ಅದೊಂದೇ. ಪಾಚಿಯ ಮೇಲೆ ಎಲ್ಲ ಹಸುವೂ ಕುಂಟಿದ ಹಾಗೆ ಕಾಣುತ್ತದೆ, ಅಲ್ಲಿ ಅಂಕ ಕೊಡುವುದು ಪಾಪ ಎಂದು ಮಾಸ್ತಪ್ಪ ಹೇಳುತ್ತಿದ್ದ. ಯೋಗರಾಜನ ಹಸು ಬಂತು. ಕಾರು ಓಡಿಸುವ ಯೋಗರಾಜನಿಗೆ ಆ ಹಸುವಿನ ಮೇಲೆ ಬಹಳ ಜಂಬ.

"ಮೂರು," ಎಂದ ಮಾಸ್ತಪ್ಪ.

"ಮೂರಾ? ಎಂತ ಮಾಸ್ತಪ್ಪಣ್ಣ, ಕಣ್ಣು ಮಂಜಾಯ್ತಾ? ಕುದ್ರೆ ನಡ್ದಂಗೆ ನಡಿತೈತೆ."

ಮಾಸ್ತಪ್ಪ ಹಸುವಿನ ಹಿಂದಿನ ಎಡಗಾಲನ್ನು ಹಗ್ಗದಲ್ಲಿ ಎತ್ತಿ ಕಟ್ಟಿ, ಕತ್ತಿಯಿಂದ ಎರಡು ಸಲ ಕೆತ್ತಿದ. ಗೊರಸಿನ ಅಡಿಯಿಂದ ಕಪ್ಪು ಕೀವು ಚಿಲ್ಲನೆ ಹಾರಿ ಯೋಗರಾಜನ ಪ್ಯಾಂಟಿನ ಮೇಲೆ ಬಿತ್ತು. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು.

"ನೋವಿದ್ದಿದ್ದು ಎಲ್ಲಾದ್ರೂ ಒಂದ್ ಕಡೆ ಹೇಳೇ ಹೇಳ್ತದೆ," ಎಂದ ಮಾಸ್ತಪ್ಪ. "ಕಾಲು ಹೇಳ್ದೆ ಇದ್ರೆ ಬೆನ್ನು ಹೇಳ್ತದೆ. ಬೆನ್ನೂ ಹೇಳ್ದೆ ಇದ್ರೆ ಕುತ್ಗೆ ಹೇಳ್ತದೆ. ನೋಡಾಕೆ ಕಣ್ಣು ಬೇಕು ಅಷ್ಟೇಯ."

ಅಷ್ಟರಲ್ಲಿ ಕೆರಿಯಮ್ಮ ಕ್ಯಾನು ಸೊಂಟಕ್ಕಿಟ್ಟುಕೊಂಡು ಬಂದಳು. ಆ ಹೆಂಗಸಿನ ನಡಿಗೆ ನೋಡಬೇಕಿತ್ತು. ಐವತ್ತೈದು ದಾಟಿದ್ದರೂ ಬೆನ್ನು ಕೋಲಿನ ಹಾಗೆ ನೆಟ್ಟಗೆ, ಹೆಜ್ಜೆ ದಡದಡ. ಹಾಲು ಹಾಕಲು ಬಂದಿದ್ದ ಹುಲಿಗೆಮ್ಮ ಸುಮ್ಮನಿರದೆ, "ಮಾಸ್ತಪ್ಪಣ್ಣ, ಊರ ಹಸಕ್ಕೆಲ್ಲ ನಂಬರ್ ಕೊಡ್ತೀರಿ, ನಿಮ್ಮನೇದಕ್ಕೆ ಎಷ್ಟು?" ಎಂದಳು.

ಮಾಸ್ತಪ್ಪ ಹೆಂಡತಿಯನ್ನು ಅಂಗಳದ ಈ ತುದಿಯಿಂದ ಆ ತುದಿಗೆ ಕಣ್ಣಲ್ಲೇ ನಡೆಸಿದ. ಕೈ ಹಿಂದೆ ಕಟ್ಟಿಕೊಂಡು, ಡಾಕ್ಟರ ಹಾಗೆ ಗಂಟಲು ಸರಿಮಾಡಿಕೊಂಡು ಹೇಳಿದ. "ಬರ್ಕ ಜ್ಯೋತಿ. ಕೆರಿಯಮ್ಮ. ನಡಿಗೆ ಒಂದು."

ನಾನು ಬರೆದೆ. ತಮಾಷೆಗೆಂದೇ ಬರೆದೆ, ನೀಲಿ ಪೆನ್ನಿನಲ್ಲಿ, ಪುಟದ ಕಡೆಯ ಸಾಲಿನಲ್ಲಿ, ಕಾಲಂ ತಪ್ಪದ ಹಾಗೆ.

"ಟ್ಯಾಗ್ ಎಲ್ಲಿ ಹೊಡಿತೀರಿ, ಕಿವಿಗಾ?" ಎಂದು ಕೆರಿಯಮ್ಮ ಓಲೆ ಎತ್ತಿ ತೋರಿಸಿದಳು. ಅವಳ ನಗು ನನಗೆ ಈಗಲೂ ಕೇಳುತ್ತದೆ.

ಅವತ್ತು ಅವಳ ಪಾದ ಬೆಳ್ಳಗಿತ್ತು, ಬೆರಳ ಸಂದಿಯಲ್ಲೆಲ್ಲ ಸುಣ್ಣ. ಕೊಟ್ಟಿಗೆಗೆ ಹಾಸಲು ಸೊಪ್ಪು ತರಲು ಕಾಡಿಗೆ ಹೋಗುವಾಗ ರಕ್ತ ಹೀರುವ ಉಂಬಳ ಹತ್ತದಿರಲಿ ಎಂದು ನಾವೆಲ್ಲ ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಳ್ಳುತ್ತೇವೆ. ಎಲೆಅಡಿಕೆಯ ಸುಣ್ಣ, ಅದೂ ಚೂರು. ಕೆರಿಯಮ್ಮ ಹಾಗಲ್ಲ. ತೋಟದ ಔಷಧಿಗೆಂದು ತಂದ ಖಾರದ ಸುಣ್ಣವನ್ನೇ ಕಲಸಿ ಬಳಿದುಕೊಳ್ಳುತ್ತಿದ್ದಳು. ನಾವು ಹಾಗೆ ಮಾಡಿದ್ದರೆ ಉರಿ ತಾಳದೆ ಕುಣಿಯುತ್ತಿದ್ದೆವು. ಅವಳಿಗೆ ತಣ್ಣಗಿರುತ್ತಿತ್ತಂತೆ. ಉಂಬಳ ಕಚ್ಚಿದ ಜಾಗ ನಮಗೆ ವಾರಗಟ್ಟಲೆ ನವೆ, ಅವಳಿಗೆ ನವೆಯೂ ಇಲ್ಲ. ರಕ್ತ ಇಳಿಯುವುದನ್ನು ಬೇರೆಯವರು ತೋರಿಸಿದ ಮೇಲೆ ಕೆಳಗೆ ನೋಡುತ್ತಿದ್ದಳು.

"ನಿಂದು ಕಾಲಲ್ಲ ಮಾರಾಯ್ತಿ, ಗೊರಸು," ಎಂದವಳು ನಾನೇ. ಅದನ್ನವಳು ಹೊಗಳಿಕೆ ಎಂದುಕೊಂಡಳು. ನಾನೂ ಹೊಗಳಿಕೆ ಎಂದೇ ಹೇಳಿದ್ದೆ. ಏಳು ವರ್ಷದ ಹಿಂದೆ ಸಾಗರದಲ್ಲಿ ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದಿದ್ದರು. ಒಂದು ವರ್ಷ ಮಾತ್ರೆ ನುಂಗಿ, "ಮೈ ಗಟ್ಟಿ ಐತೆ, ಇನ್ಯಾಕೆ?" ಎಂದು ಬಿಟ್ಟಿದ್ದಳು. ಇದೂ ನನಗೆ ಗೊತ್ತಿತ್ತು. ಹಾಲಿನ ಜಿಡ್ಡು ಅರ್ಧ ಪಾಯಿಂಟ್ ಇಳಿದರೆ ಮನೆ ತನಕ ಹೋಗಿ ಜಗಳ ಮಾಡುವ ನಾನು ಇದಕ್ಕೆ ಒಂದು ಮಾತೂ ಆಡಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ಮಾಸ್ತಪ್ಪ ತೀರ್ಥಹಳ್ಳಿ ಕಡೆ ನಾಲ್ಕು ದಿನದ ಕೆಲಸ ಮುಗಿಸಿ ಸಂಜೆ ಬಸ್ಸಿಗೆ ಬಂದ. ಜಗುಲಿ ಹತ್ತಿದವನಿಗೆ ವಾಸನೆ ಬಡಿಯಿತು. ಗೊರಸಿನ ಸಂದಿ ಕೊಳೆತರೆ ಒಂದು ವಾಸನೆ ಬರುತ್ತದೆ, ಒಮ್ಮೆ ಮೂಗಿಗೆ ಹತ್ತಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಚೀಲ ಇಟ್ಟವನೇ ಕೊಟ್ಟಿಗೆಗೆ ಹೋಗಿ ಎರಡೂ ಹಸುಗಳ ಎಂಟೂ ಕಾಲು ಎತ್ತಿ ನೋಡಿದ. ಏನೂ ಇಲ್ಲ. ಕೆಲಸದ ಕತ್ತಿಯಿಂದಲೇ ಬಂದಿರಬೇಕೆಂದು ಕತ್ತಿ, ಅರ, ಹಗ್ಗವನ್ನೆಲ್ಲ ಮೈಲುತುತ್ತದ ನೀರಿನಲ್ಲಿ ಅದ್ದಿ ತೊಳೆದ.

ಮಾರನೇ ದಿನವೂ ವಾಸನೆ. ಮತ್ತೆ ಎಂಟು ಕಾಲು ಎತ್ತಿದ. ಈ ಸಲ ಗೊರಸಿನ ಸಂದಿಗೆ ಮೂಗು ಹಿಡಿದು ನೋಡಿದ.

"ನಿಂಗೆ ಎಂತಾದ್ರೂ ವಾಸ್ನೆ ಬರ್ತದನಾ?" ಎಂದು ಹೆಂಡತಿಯನ್ನು ಕೇಳಿದ.

"ನಿಮ್ಮ ಅಂಗಿದೇ ಇರ್ಬೇಕು. ಊರ ದನದ ಕಾಲೆಲ್ಲ ಮೈಗೆ ಬಳ್ಕೊಂಡು ಬರ್ತೀರಿ. ಬಿಚ್ಚಿ ಕೊಡಿ," ಎಂದು ಕೆರಿಯಮ್ಮ ಅಂಗಿಯನ್ನು ಬಿಸಿನೀರಿಗೆ ಹಾಕಿ ಎರಡು ಸಲ ಸೋಪು ಹಚ್ಚಿ ತಿಕ್ಕಿದಳು. ಹಾಗೆ ತಿಕ್ಕುತ್ತಾ ನಿಂತಿದ್ದು ಅದೇ ಕಾಲಿನ ಮೇಲೆ.

ಮೂರನೇ ದಿನ ಮಧ್ಯಾಹ್ನ ಅವಳು ಹೊಸ್ತಿಲ ಮೇಲೆ ಕೂತು ಅಲಸಂದೆ ಬಿಡಿಸುತ್ತಿದ್ದಳು. ಮಾಸ್ತಪ್ಪ ಪಕ್ಕದಲ್ಲಿದ್ದ ನೀರಿನ ಚೊಂಬು ಎತ್ತಿಕೊಳ್ಳಲು ಬಗ್ಗಿದ. ಬಗ್ಗಿದವನು ಹಾಗೇ ನಿಂತ.

"ಕಾಲೆತ್ತು," ಎಂದ.

ಹಸುವಿಗೆ ಹೇಳುವ ದನಿಯಲ್ಲೇ ಹೇಳಿದನಂತೆ. ಅವಳಿಗೆ ನಗು ಬಂತು. "ಎಂತ, ಗೊರಸು ಕೆತ್ತತೀರಾ?" ಎಂದಳು. ಅವನು ನಗಲಿಲ್ಲ. ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳನ್ನೂ ಪಕ್ಕದ ಬೆರಳನ್ನೂ ಅಗಲಿಸಿದ. ಸುಣ್ಣ ಸುಟ್ಟು ಸತ್ತ ಬಿಳಿ ಚರ್ಮ, ಅದರ ಕೆಳಗೆ ಉಂಬಳ ಕಚ್ಚಿದಷ್ಟೇ ಸಣ್ಣ ತೂತು. ಆ ತೂತು ಒಳಗೆ ಎಲ್ಲಿ ಮುಗಿಯುತ್ತದೆಂದು ಕಾಣಲಿಲ್ಲ. ಯಾವ ಹಸುವೇ ಆಗಲಿ ಒದೆಯಬೇಕಾದ ಜಾಗದಲ್ಲಿ ಅವನು ಹೆಬ್ಬೆರಳಿಟ್ಟು ಒತ್ತಿದ. ಕೀವು ಬಂತು.

ಕೆರಿಯಮ್ಮ ಅಲಸಂದೆ ಬಿಡಿಸುತ್ತಲೇ ಇದ್ದಳು.

ನಾನು ಸಂಘದಲ್ಲಿ ಯಂತ್ರ ತೊಳೆಯುತ್ತಿದ್ದೆ. ಮಾಸ್ತಪ್ಪ ಓಡಿ ಬಂದು ಕಂಬ ಹಿಡಿದುಕೊಂಡು ನಿಂತ. ಆ ಮನುಷ್ಯ ಓಡಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ಜ್ಯೋತಿ, ಅವ್ಳು ನೋವಿಲ್ಲ ಅಂತಾಳೆ."

ನೋವಿಲ್ಲದಿದ್ದರೆ ಒಳ್ಳೆಯದೇ ಅಲ್ಲವೇ ಎಂದೆ. ಅವನು ನನ್ನ ಮೇಲೆ ಕಿರುಚಿದ.

"ಒತ್ತಿದ್ರೂ ನೋವಿಲ್ಲ ಅಂತಾಳೆ ಮಾರಾಯ್ತಿ! ಎಲುಬು ಕೈಗೆ ಸಿಗ್ತೈತೆ, ನೋವಿಲ್ಲ ಅಂತಾಳೆ!"

ಯೋಗರಾಜನ ಕಾರಿನಲ್ಲಿ ಮೊದಲು ಸಾಗರ, ಅಲ್ಲಿಂದ ಹಾಗೇ ಶಿವಮೊಗ್ಗದ ದೊಡ್ಡಾಸ್ಪತ್ರೆ. ನಾನೂ ಜೊತೆಗಿದ್ದೆ. ದಾರಿಯುದ್ದಕ್ಕೂ ಕೆರಿಯಮ್ಮನಿಗೆ ಒಂದೇ ಚಿಂತೆ, ಸಂಜೆ ಹಾಲು ಕರೆಯುವವರು ಯಾರು. ಪಕ್ಕದ ಮನೆಯ ಗುತ್ಯಮ್ಮನಿಗೆ ಹೇಳಿದ್ದೇನೆ, ಸುಮ್ಮನಿರು ಎಂದು ಎರಡು ಸಲ ಗದರಿದೆ. ಗದರಿದ್ದು ನನ್ನ ಹೆದರಿಕೆಗೆ.

ಅಲ್ಲಿನ ಡಾಕ್ಟರು ವಯಸ್ಸಾದವರು, ಸಮಾಧಾನದವರು. ಕಾಯಿಲೆ ಕಾಲಿನ ನರಗಳನ್ನು ಕೊಂದಿದೆ, ಉರಿ ನವೆ ನೋವು ಯಾವುದೂ ಅವರಿಗೆ ತಿಳಿಯುತ್ತಿರಲಿಲ್ಲ ಎಂದು ವಿವರಿಸಿದರು. ಮಾಸ್ತಪ್ಪ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ.

"ನಡಿಗೆ ನೆಟ್ಟಗಿತ್ತಲ್ಲ ಸಾರ್? ನಾನೇ ನೋಡಿದ್ದೆ. ಬೆನ್ನು ನೆಟ್ಟಗಿತ್ತು."

"ನೋವು ಗೊತ್ತಾದ್ರೆ ತಾನೇ ಕುಂಟೋದು?" ಎಂದರು ಡಾಕ್ಟರು. "ಗೊತ್ತಾಗದ ಕಾಲು ಎಂದಿನ ಹಾಗೇ ನಡೆಯುತ್ತೆ. ಈ ಕಾಯಿಲೆಯಲ್ಲಿ ನಡಿಗೆ ನೋಡಿದ್ರೆ ಸಾಲದು, ಪಾದ ಎತ್ತಿ ನೋಡ್ಬೇಕು."

ಮಾಸ್ತಪ್ಪ ಬೆಂಚಿನ ಮೇಲೆ ಕೂತವನು ಬಹಳ ಹೊತ್ತು ಏಳಲಿಲ್ಲ. ಅವನ ಜೀವಮಾನದ ವಿದ್ಯೆಯನ್ನು ಆ ಡಾಕ್ಟರು ಒಂದು ಮಾತಿನಲ್ಲಿ ತಲೆಕೆಳಗು ಮಾಡಿದ್ದರು. ಅವರದೇನೂ ತಪ್ಪಿಲ್ಲ. ಆದರೂ ಆ ಕ್ಷಣ ನನಗೆ ಅವರ ಮೇಲೆ ಸಿಟ್ಟು ಬಂತು.

ಮೊದಲು ಎರಡು ಬೆರಳು ತೆಗೆದರು. ಪಾದ ಉಳಿಯಬಹುದು, ಆದರೆ ಆ ಜಾಗದ ಮೇಲೆ ಭಾರ ಬೀಳಬಾರದು ಎಂದರು. ಮಾಸ್ತಪ್ಪನಿಗೆ ಜೀವ ಬಂದ ಹಾಗಾಯಿತು. ಭಾರ ತಪ್ಪಿಸುವುದು ಅವನಿಗೆ ಗೊತ್ತಿದ್ದ ಕೆಲಸ. ಹಸುವಿನ ಒಂದು ಕಾಲಿನ ಎರಡು ಗೊರಸಿನಲ್ಲಿ ಒಂದು ಹುಣ್ಣಾದರೆ, ಪಕ್ಕದ ಚೆನ್ನಾಗಿರುವ ಗೊರಸಿಗೆ ಮರದ ತುಂಡು ಅಂಟಿಸಿ ಎತ್ತರ ಮಾಡುತ್ತಾರೆ, ಹುಣ್ಣು ನೆಲ ಮುಟ್ಟದೆ ಒಣಗುತ್ತದೆ. ಅವನು ಊರಿಗೆ ಬಂದು ಹಲಸಿನ ಹಲಗೆಯಲ್ಲಿ ಕೆರಿಯಮ್ಮನ ಬಲಗಾಲಿನ ಅಳತೆಗೆ ಚಪ್ಪಲಿಯಂಥ ಒಂದು ಜೋಡು ಕೆತ್ತಿದ. ಹಿಮ್ಮಡಿಗೆ ಎತ್ತರ, ಮುಂಗಾಲಿಗೆ ಪೊಳ್ಳು, ಒಳಗೆ ಮೆತ್ತನೆ ಬಟ್ಟೆ. ಡಾಕ್ಟರಿಗೆ ತೋರಿಸಿದಾಗ ಅವರು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಮಾಡಲು ಯಾರು ಹೇಳಿಕೊಟ್ಟರು ಎಂದು ಕೇಳಿದರಂತೆ. ಅದನ್ನು ಅವನು ಫೋನಿನಲ್ಲಿ ನನಗೆ ಹೇಳಿದಾಗ ದನಿಯಲ್ಲಿ ಹಳೆಯ ಮಾಸ್ತಪ್ಪ ಚೂರು ಇದ್ದ. ಹನ್ನೊಂದು ದಿನ ನಾವು ಹಾಗೆ ಆಸೆಯಲ್ಲಿದ್ದೆವು.

ಹನ್ನೆರಡನೇ ದಿನ ಜ್ವರ ಬಂತು. ನಂಜು ಮೇಲೇರಿತ್ತು. ಮೊಣಕಾಲಿನ ಕೆಳಗೆ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು. ಮಾಸ್ತಪ್ಪ ಸಹಿ ಹಾಕಿದ. ಆ ಜೋಡನ್ನು ಕೆರಿಯಮ್ಮ ಒಂದು ದಿನವೂ ಹಾಕಲಿಲ್ಲ.

ನಾನು ನೋಡಲು ಹೋದಾಗ ಅವಳು ದಿಂಬಿಗೆ ಒರಗಿ ಕೂತಿದ್ದಳು. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ಅದನ್ನು ನೋಡಬಾರದು ಎಂದುಕೊಂಡೇ ಒಳಗೆ ಹೋಗಿದ್ದೆ, ನೋಡಿದೆ.

"ಹಸ ಆಗಿದ್ರೆ ಒಂದು ಹೋದ್ರೂ ಮೂರು ಇರ್ತಿತ್ತು ಅಲ್ದಾ ಜ್ಯೋತಿ?" ಎಂದಳು.

ತಮಾಷೆಯ ಹೆಂಗಸು, ತಮಾಷೆ ಮಾಡಿದಳು. ನನಗೆ ನಗಲಿಕ್ಕೆ ಆಗಲಿಲ್ಲ. ಮಾಸ್ತಪ್ಪ ಕಿಟಕಿಯ ಕಡೆ ತಿರುಗಿ ನಿಂತ. ನಾನು ಅವಳ ಕೈ ಹಿಡಿದು ಗಟ್ಟಿಯಾಗಿ ಅತ್ತೆ, ಹದಿನಾರು ವರ್ಷ ಊರನ್ನೆಲ್ಲ ಬೈದ ಬಾಯಿಗೆ ಆವತ್ತು ಬೇರೇನೂ ಬರಲಿಲ್ಲ.

ಮೂರು ತಿಂಗಳು ಮಾಸ್ತಪ್ಪ ಕತ್ತಿ ಮುಟ್ಟಲಿಲ್ಲ. ಸೊಪ್ಪು ತರುವುದು, ಹಾಲು ಕರೆಯುವುದು, ಅನ್ನ ಬೇಯಿಸುವುದು ಎಲ್ಲ ಅವನದೇ. ಸಂಜೆಯಾದರೆ ಕೆರಿಯಮ್ಮನ ಎಡಗಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ಬೆರಳ ಸಂದಿ ಒಂದೊಂದನ್ನೂ ಅಗಲಿಸಿ, ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡುತ್ತಾನೆ. ಒಂದು ದಿನವೂ ತಪ್ಪಿಸುವುದಿಲ್ಲ. ಅವಳಿಗೆ ರೇಗುತ್ತದೆ. "ನಾನೇನು ನಿಮ್ಮ ಹಸನಾ?" ಎನ್ನುತ್ತಾಳೆ. ಅವನು ಮುಂದಿನ ಬೆರಳಿಗೆ ಹೋಗುತ್ತಾನೆ.

ಸುಷ್ಮಾ ಮೇಡಂಗೆ ವರ್ಗವಾಗಿತ್ತು. ಡಿಸೆಂಬರ್ ಕಡೆಯಲ್ಲಿ ನಾನೇ ಮಾಸ್ತಪ್ಪನ ಮನೆಗೆ ಹೋಗಿ, ಹಸುಗಳ ಗೊರಸೆಲ್ಲ ಬೆಳೆದು ಸುರುಳಿಯಾಗಿವೆ, ಬಾ ಎಂದು ಕರೆದೆ. ಬಂದ. ಆದರೆ ಕೆಲಸದ ರೀತಿ ಬದಲಾಗಿತ್ತು. ಈಗ ನಡಿಗೆ ಒಂದು ಬಂದ ಹಸುವಿನ ಕಾಲನ್ನೂ ಎತ್ತಿ ನೋಡುತ್ತಾನೆ, ನಾಲ್ಕನ್ನೂ. ಮೊದಲು ಒಂದು ಬೆಳಗಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಮೂರು ದಿನ ಹಿಡಿಯುತ್ತದೆ. "ಚೆನ್ನಾಗಿ ನಡಿತಿದ್ದಿದ್ದಕ್ಕೆ ಹಗ್ಗ ಯಾಕೆ ಮಾಸ್ತಪ್ಪಣ್ಣ?" ಎಂದು ಜನ ಗೊಣಗುತ್ತಾರೆ. ಗೊಣಗಿದವರಿಗೆ ನಾನು ಉತ್ತರ ಕೊಡುತ್ತೇನೆ, ಅವರು ಮತ್ತೆ ಗೊಣಗದ ಹಾಗೆ.

ಜನವರಿಯಲ್ಲಿ ಹೊಸ ಪಶು ಡಾಕ್ಟರು ಬಂದರು, ಸಚಿನ್ ಎಂದು ಹೆಸರು, ಶ್ರದ್ಧೆಯ ಮನುಷ್ಯ. ಹಳೆಯ ರಿಜಿಸ್ಟರು ಬೇಕು, ಎಲ್ಲ ಹಸುಗಳ ನಡಿಗೆಯನ್ನೂ ಕಂಪ್ಯೂಟರಿಗೆ ಹಾಕಬೇಕು ಎಂದರು. ಆ ಸಾಲು ಅದರಲ್ಲಿದೆ ಎಂದು ನನಗೆ ಗೊತ್ತಿತ್ತು. ಹರಿದು ಹಾಕಬೇಕೆಂದು ಎಷ್ಟೋ ಸಲ ಅಲಮಾರು ತೆಗೆದಿದ್ದೆ, ಕೈ ಬಂದಿರಲಿಲ್ಲ. ಡಾಕ್ಟರು ಪುಟ ತಿರುಗಿಸುತ್ತಾ ಹೋದರು. ಮಾಸ್ತಪ್ಪ ಅವರ ಪಕ್ಕದಲ್ಲಿ ನಿಂತು, ಕೇಳಿದ ಹಸುಗಳ ವಿಷಯ ಹೇಳುತ್ತಿದ್ದ. ಜುಲೈ ಪುಟ ಬಂತು.

"ಕೆರಿಯಮ್ಮ, ನಡಿಗೆ ಒಂದು," ಎಂದು ಓದಿದರು ಡಾಕ್ಟರು. "ಇದಕ್ಕೆ ಟ್ಯಾಗ್ ನಂಬರೇ ಇಲ್ವಲ್ಲ ಮೇಡಂ? ಜುಲೈ ಆದ್ಮೇಲೆ ನೋಡೇ ಇಲ್ಲ. ಯಾರ ಹಸು ಇದು?"

ಹುಲಿಗೆಮ್ಮ ಕ್ಯಾನಿನ ಮುಚ್ಚಳ ಹಿಡಿದುಕೊಂಡು ನೆಲ ನೋಡಿದಳು. ಮಾಸ್ತಪ್ಪ ಒಂದು ಹೆಜ್ಜೆ ಮುಂದೆ ಬಂದು ಆ ಸಾಲಿನ ಮೇಲೆ ಬೆರಳಿಟ್ಟ.

"ನಮ್ಮನೇದು ಸಾರ್," ಎಂದ. "ಆ ಒಂದು ತಪ್ಪು. ಕಾಲೆತ್ತಿ ನೋಡ್ದೆ ಬರ್ಸಿದ್ದೆ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಪಾಪ, ಹೇಗೆ ಆಗಬೇಕು. ಅವರು ಆ ಒಂದರ ಮೇಲೆ ಗೆರೆ ಎಳೆದು ಪೆನ್ನು ಹಿಡಿದು ಕಾದರು. "ಸರಿ, ಈಗ ಎಷ್ಟು ಹಾಕ್ಲಿ? ಐದಾ?"

ಮಾಸ್ತಪ್ಪ ತಮಾಷೆ ಮಾಡಲಿಲ್ಲ, ಅಳಲೂ ಇಲ್ಲ. ಬೇರೆ ಹಸುಗಳ ಅಂಕವನ್ನು ಯೋಚಿಸಿ ಹೇಳುವ ಹಾಗೇ ಸ್ವಲ್ಪ ಹೊತ್ತು ಯೋಚಿಸಿದ.

"ಐದಕ್ಕೆ ಎತ್ತಿ ಹಿಡಿಯಾಕೆ ಒಂದು ಕಾಲು ಇರ್ಬೇಕು ಸಾರ್," ಎಂದ. "ಖಾಲಿ ಬಿಡಿ."

ಡಾಕ್ಟರು ಖಾಲಿ ಬಿಟ್ಟು ಪುಟ ತಿರುಗಿಸಿದರು.